ಮನೆಯಿಂದಲೇ ಮಾಡುವ ಬೈಬಲ್ ಕೋರ್ಸ್‌ನ ಗುಣಮಟ್ಟ ತಿಳಿಯೋದು ಹೇಗೆ?

ಕೆಲಸ ಬಿಡದೆ, ದೂರಶಿಕ್ಷಣದಲ್ಲಿ ದೇವಶಾಸ್ತ್ರ ಓದಬೇಕು ಅನ್ನುವವರು ಮೊದಲು ನೋಡಬೇಕಾದ್ದು ಸರ್ಟಿಫಿಕೇಟ್ ಅಲ್ಲ, ಪಾಠ ನಡೆಯುವ ರೀತಿ.

1963ರಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ, ಪಾದ್ರಿಗಳಿಗೆ ತರಬೇತಿ ಕೊಡುವ ಪ್ರೆಸ್ಬಿಟೇರಿಯನ್ (ಪ್ರೊಟೆಸ್ಟಂಟ್ ಪಂಗಡದ) ಸೆಮಿನರಿಯೊಂದು ಒಂದು ಹೊಸ ದಾರಿ ಹಿಡಿಯಿತು. ಹಳ್ಳಿಯ ಸಭಾನಾಯಕರು, ಅಂದರೆ ಚರ್ಚ್ ಮುಖಂಡರು, ಹೊಲ, ಮನೆ ಬಿಟ್ಟು ಹಾಸ್ಟೆಲ್‌ಗೆ ಬರೋದು ಕಷ್ಟ. ಹಾಗಾಗಿ ಮೇಷ್ಟ್ರುಗಳೇ ಅವರಿದ್ದಲ್ಲಿಗೆ ಹೋದರು. ದೂರಶಿಕ್ಷಣದಲ್ಲಿ ದೇವಶಾಸ್ತ್ರ ಕಲಿಸುವ ಬೆಂಗಳೂರಿನ ಟ್ಯಾಫ್ಟಿ (TAFTEE) ಸಂಸ್ಥೆ ನಡೆಸುವುದೂ ಇದೇ ಕ್ರಮ. ವಾರವಿಡೀ ವರ್ಕ್‌ಬುಕ್ ಓದಿ, ಪ್ರಶ್ನೆಗಳಿಗೆ ಅದರಲ್ಲೇ ಉತ್ತರ ಬರೆಯಬೇಕು. ಆಮೇಲೆ ಗುಂಪಿನಲ್ಲಿ ಕೂತು ಟ್ಯೂಟರ್ ಜೊತೆ ಚರ್ಚೆ. ಓದಿದ್ದನ್ನು ನಿಮ್ಮ ಸಭೆಯಲ್ಲಿ, ನಿಮ್ಮ ಆಫೀಸಿನಲ್ಲಿ ಹೇಗೆ ಬಳಸುತ್ತೀರಿ ಅಂತ ಅಲ್ಲಿ ಮಾತಾಗುತ್ತದೆ. ನನ್ನ ಪ್ರಕಾರ ಈ ಗುಂಪೇ ಜೀವಾಳ. ಅದಿಲ್ಲದೆ ಸುಮ್ನೆ ಪಿಡಿಎಫ್ ಕಳಿಸಿದರೆ ಅದು ಶಿಕ್ಷಣ ಆಗೋದಿಲ್ಲ.

ಇನ್ನು ಮಾನ್ಯತೆ. ದೇವಶಾಸ್ತ್ರ ಕಲಿಸುವ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಏಷ್ಯಾ ಥಿಯಲಾಜಿಕಲ್ ಅಸೋಸಿಯೇಷನ್ 1970ರಲ್ಲಿ ಶುರುವಾಯಿತು. ಅದರ ಮಾನ್ಯತೆ ಬೇಕಾದ ಸಂಸ್ಥೆ ಮೊದಲು ತನ್ನನ್ನು ತಾನೇ ಪರೀಕ್ಷಿಸಿ ವರದಿ ಬರೆಯಬೇಕು. ನಂತರ ಬೇರೆ ಕಾಲೇಜುಗಳ ಅಧ್ಯಾಪಕರ ತಂಡ ಬಂದು ಪಾಠಕ್ರಮ, ಗ್ರಂಥಾಲಯ, ಲೆಕ್ಕಪತ್ರ ಎಲ್ಲವನ್ನೂ ನೋಡುತ್ತದೆ. ಅದೇ ಕಸುಬಿನವರು ನೋಡುವಾಗ ಕೊರತೆ ಮುಚ್ಚಿಡೋದು ಕಷ್ಟ, ಅಲ್ವಾ? ಆದರೆ ಇದು ಸರ್ಕಾರದ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ಅಲ್ಲ. ದೇವಶಾಸ್ತ್ರ ಪದವಿಗಳನ್ನು ನೋಡಿಕೊಳ್ಳುವ, ಪಶ್ಚಿಮ ಬಂಗಾಳದ ಸೇರಾಂಪುರ ಕಾಲೇಜಿನ ಸೆನೆಟ್‌ನ ಕಥೆ ಬೇರೆ: ಕಾಲೇಜಿಗೆ ಪದವಿ ಕೊಡುವ ಅಧಿಕಾರ 1827ರ ಡೆನ್ಮಾರ್ಕ್ ರಾಜನ ಸನ್ನದಿನಿಂದ ಬಂತು, ಸೆನೆಟ್ ರೂಪುಗೊಂಡದ್ದು 1918ರ ಕಾಯ್ದೆಯಿಂದ.

ಸೇರುವ ಮುಂಚೆ ಇಷ್ಟು ಕೇಳಿ: ನನ್ನ ಉತ್ತರಗಳನ್ನು ಯಾರು ತಿದ್ದುತ್ತಾರೆ? ಎಷ್ಟು ದಿನಕ್ಕೆ ವಾಪಸ್ ಬರುತ್ತದೆ? ಹತ್ತಿರದಲ್ಲಿ ಗುಂಪು ಇದೆಯಾ? ಕನ್ನಡದಲ್ಲಿ ಯಾವ ಕೋರ್ಸ್‌ಗಳಿವೆ?