ಓದುಗರ ಪ್ರಶ್ನೆ: ಕಡಿಮೆ ರೇಟಿನ ಲಾಡ್ಜ್ ಅಂದ್ರೆ ಇಷ್ಟೇನಾ?

ಪ್ರಶ್ನೆ: ಅಮ್ಮನ್ನ ಡಾಕ್ಟರ್‌ಗೆ ತೋರಿಸೋಕೆ ಅಂತ ಮಳೆಗಾಲದಲ್ಲಿ ಮಂಗಳೂರಿಗೆ ಬಂದಿದ್ವಿ. ಆ್ಯಪಲ್ಲಿ ಫೋಟೋ ನೋಡಿ ಎರಡು ರಾತ್ರಿಗೆ ಮೊದಲೇ ದುಡ್ಡು ಕಟ್ಟಿದ್ದೆ. ಬಾಗಿಲು ತೆಗೆದ್ರೆ ಮುಗ್ಗಲು ವಾಸನೆ, ಗೋಡೆ ತುಂಬ ಬೂಷ್ಟು, ಫ್ಲಶ್ ಕೆಟ್ಟಿದೆ, ರಾತ್ರಿ ತಿಗಣೆ ಕಾಟಕ್ಕೆ ಅಮ್ಮ ಕುರ್ಚಿ ಮೇಲೇ ಕೂತು ಬೆಳಗು ಮಾಡಿದ್ರು. ರಿಸೆಪ್ಷನ್‌ನಲ್ಲಿ ಕೇಳಿದ್ರೆ "ಈ ರೇಟಿಗೆ ಇನ್ನೆಂಥ ರೂಮ್ ಬೇಕು ನಿಮ್ಗೆ" ಅಂದ್ರು. ಬೆಳಿಗ್ಗೆನೇ ಖಾಲಿ ಮಾಡಿದ್ವಿ, ಎರಡನೇ ರಾತ್ರಿ ದುಡ್ಡು ವಾಪಸ್ ಬರಲಿಲ್ಲ. ಇದನ್ನ ಬಿಟ್ಟುಬಿಡೋದಾ?
- ಓದುಗರೊಬ್ಬರು, ದಾವಣಗೆರೆ

ಉತ್ತರ: ಬಿಡ್ಬೇಡಿ. ಆ ರಿಸೆಪ್ಷನ್‌ನವರ ಮಾತು ಓದಿ ನಂಗೆ ಸಿಟ್ಟೇ ಬಂತು. ರೇಟ್ ಕಡಿಮೆ ಅಂದ್ರೆ ಎಸಿ ಇಲ್ಲದಿರಬಹುದು, ಲಿಫ್ಟ್ ಇಲ್ಲದಿರಬಹುದು, ರೂಮ್ ಸಣ್ಣದಿರಬಹುದು, ಅದನ್ನೆಲ್ಲ ಯಾರೂ ಒಪ್ತಾರೆ, ಆದ್ರೆ ಒಗೆದ ಬೆಡ್‌ಶೀಟು, ಸರಿ ಇರುವ ಟಾಯ್ಲೆಟ್ಟು, ತಿಗಣೆ ಇಲ್ಲದ ಹಾಸಿಗೆ, ಇದಕ್ಕೆಲ್ಲ ಬೇರೆ ದುಡ್ಡು ಕೊಡ್ಬೇಕಾ ಮಾರಾಯ್ರೆ? ಶಿವಮೊಗ್ಗ, ಚಿಕ್ಕಮಗಳೂರು, ಕಾಸರಗೋಡು ಅಂತ ಎಲ್ಲೆಲ್ಲಿಂದಲೋ ಜನ ಕಾಯಿಲೆಯವರನ್ನು ಕರ್ಕೊಂಡು ನಮ್ಮೂರಿಗೆ ಬರ್ತಾರೆ, ಆಸ್ಪತ್ರೆ ಖರ್ಚಲ್ಲೇ ಸೋತಿರ್ತಾರೆ, ಅಂಥವರು ಉಳಿಯುವ ರೂಮೇ ಹೀಗಿದ್ರೆ ಊರಿಗೇ ಕೆಟ್ಟ ಹೆಸರು.

ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಗೋಡೆಗೆ ಪಸೆ ಬರುವುದು ಸಹಜ, ಒಳ್ಳೆ ಮನೆಯಲ್ಲೂ ಬರ್ತದೆ. ಆದ್ರೆ ಒರೆಸಿ, ಕಿಟಕಿ ತೆಗೆದು ಗಾಳಿ ಆಡಿಸುವ ಕೆಲಸ ಲಾಡ್ಜ್‌ನವರದ್ದೇ.

ದುಡ್ಡಿನ ವಿಷಯಕ್ಕೆ ಬರುವ. ಬುಕಿಂಗ್ ಮೆಸೇಜ್, ಬಿಲ್ಲು, ಫೋಟೋ ತೆಗೆದಿದ್ರೆ ಅದು, ಎಲ್ಲ ಒಟ್ಟಿಗೆ ಇಟ್ಕೊಂಡು ಮೊದಲು ಆ್ಯಪ್‌ನವರಿಗೂ ಲಾಡ್ಜ್‌ಗೂ ಬರವಣಿಗೆಯಲ್ಲೇ ದೂರು ಕೊಡಿ, ಫೋನಲ್ಲಿ ಜಗಳ ಮಾಡಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಉತ್ತರ ಬಾರದಿದ್ರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಎಷ್ಟೋ ರಿಫಂಡ್ ಜಗಳ ಅಲ್ಲೇ ಮುಗೀತದೆ. ಅದಕ್ಕೂ ಬಗ್ಗದಿದ್ರೆ ಜಿಲ್ಲಾ ಗ್ರಾಹಕರ ಆಯೋಗ ಉಂಟು, ಮತ್ತೆ ಅದಕ್ಕೋಸ್ಕರ ನೀವು ಮಂಗಳೂರಿಗೆ ಅಲೆಯಬೇಕಾಗಿಲ್ಲ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ, ಅಂದ್ರೆ ದಾವಣಗೆರೆಯಲ್ಲೇ ಕೇಸ್ ಹಾಕಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ರೆ ಫೀಸ್ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ, 2 ವರ್ಷದ ಒಳಗೆ ಹಾಕಿದ್ರೆ ಆಯ್ತು.

ತಿಗಣೆಯಿಂದ ರೋಗ ಹರಡ್ತದೆ ಅಂತ ಅಮ್ಮ ಹೆದರುವುದು ಬೇಡ, ಆದ್ರೆ ಬ್ಯಾಗಲ್ಲಿ ಮನೆಗೆ ಬಂದಿರಬಹುದು. ಆ ಬಟ್ಟೆಯನ್ನೆಲ್ಲ, ಬಟ್ಟೆ ತಡ್ಕೊಳ್ಳುವಷ್ಟು ಬಿಸಿ ನೀರಲ್ಲಿ, 60 ಡಿಗ್ರಿ ಆದ್ರೆ ಒಳ್ಳೆದು, ಒಗೀರಿ. ಬ್ಯಾಗಿನ ಹೊಲಿಗೆ, ಜಿಪ್ ಸಂದಿ ಸರಿಯಾಗಿ ನೋಡಿ.

ಮುಂದೆ ಬರುವಾಗ ಪೂರ್ತಿ ದುಡ್ಡು ಮೊದಲೇ ಕಟ್ಬೇಡಿ, ರಿಜಿಸ್ಟರಲ್ಲಿ ಸೈನ್ ಹಾಕುವ ಮೊದಲೇ "ರೂಮ್ ತೋರಿಸಿ" ಅಂತ ಕೇಳಿ, ತೋರಿಸದಿದ್ರೆ ಅಲ್ಲಿಂದಲೇ ಹೊರಡಿ. ಬೆಡ್‌ಶೀಟ್ ಎತ್ತಿ ಹಾಸಿಗೆಯ ಮೂಲೆ ಹೊಲಿಗೆ ನೋಡಿ, ಕಪ್ಪು ಚುಕ್ಕೆ ಕಂಡ್ರೆ ಆ ರೂಮ್ ಬೇಡವೇ ಬೇಡ. ಫ್ಲಶ್ ಒತ್ತಿ, ನಲ್ಲಿ ತಿರುಗಿಸಿ. ಇದನ್ನೆಲ್ಲ ಕೇಳ್ಲಿಕ್ಕೆ ನಾಚಿಕೆ ಪಡ್ಬೇಡಿ, ದುಡ್ಡು ನಿಮ್ಮದು. ಆಸ್ಪತ್ರೆ ಕೆಲಸವೇ ಆದ್ರೆ ಅತ್ತಾವರ, ಫಳ್ನೀರ್, ಕಂಕನಾಡಿ ಕಡೆ ನೋಡಿ, ಅಮ್ಮನಿಗೆ ಓಡಾಟ ಕಡಿಮೆ ಆಗ್ತದೆ. ಯಾವಾಗ್ಲಾದ್ರೂ ರೈಲಲ್ಲಿ ಬಂದ್ರೆ ಸೆಂಟ್ರಲ್ ಸ್ಟೇಷನ್ನಿನ ರಿಟೈರಿಂಗ್ ರೂಮನ್ನೂ, ಅಂದ್ರೆ ರೈಲು ಪ್ರಯಾಣಿಕರು ಉಳಿಯುವ ರೂಮನ್ನೂ ವಿಚಾರಿಸಿ, ಟಿಕೆಟಿನ ಪಿಎನ್ಆರ್ ನಂಬರ್ ಇದ್ರೆ ಆನ್‌ಲೈನಲ್ಲೇ ಬುಕ್ ಮಾಡ್ಲಿಕ್ಕೆ ಆಗ್ತದೆ. ಮಂಗಳೂರು ಜಂಕ್ಷನ್ ಮತ್ತು ಸೆಂಟ್ರಲ್ ಬೇರೆ ಬೇರೆ ಸ್ಟೇಷನ್, ಸೆಂಟ್ರಲ್ ಊರೊಳಗೇ ಉಂಟು.

ಪ್ರಶ್ನೆ: ಉಡುಪಿಯಲ್ಲಿ ಲಾಡ್ಜ್‌ನವರು ಆಧಾರ್ ಜೆರಾಕ್ಸ್ ಕೇಳ್ತಾರೆ, ಕೊಡಬಹುದಾ?
- ಓದುಗರು, ಹಾಸನ

ಉತ್ತರ: ಗುರುತಿನ ಚೀಟಿ ಕೇಳುವುದರಲ್ಲಿ ತಪ್ಪಿಲ್ಲ, ಉಳಿದುಕೊಂಡವರ ವಿವರ ಅವರು ಇಟ್ಕೊಳ್ಳಬೇಕು. ಆದ್ರೆ ಆಧಾರೇ ಆಗಬೇಕಂತ ಇಲ್ಲ, ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ ತೋರಿಸಿ. ಆಧಾರೇ ಕೊಡುವುದಾದ್ರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿ ಕೊಡಿ. ಜೆರಾಕ್ಸ್ ಮೇಲೆ ತಾರೀಕು, ಯಾವ ಕಾರಣಕ್ಕೆ ಕೊಟ್ಟದ್ದು ಅಂತ ಪೆನ್ನಲ್ಲಿ ಬರೆದು ಸೈನ್ ಹಾಕಿ.