ಜೈಲು ಕಟ್ಟುವ ಬದಲು ಆಸ್ಟ್ರೇಲಿಯಾಕ್ಕೇಕೆ ಸಾಗಿಸಿದರು?

ಪ್ರಶ್ನೆ: ಬ್ರಿಟಿಷರು ಕೈದಿಗಳನ್ನು ಇಡಲೆಂದು ಆಸ್ಟ್ರೇಲಿಯಾದಲ್ಲಿ ವಸಾಹತು ಮಾಡಿದರು ಅಂತ ಮಗನ ಪಾಠದಲ್ಲಿದೆ. ಎಂಟು ತಿಂಗಳು ಹಡಗಿನಲ್ಲಿ ಸಾಗಿಸುವ ಖರ್ಚಿನಲ್ಲಿ ತಮ್ಮೂರಲ್ಲೇ ಜೈಲು ಕಟ್ಟಬಹುದಿತ್ತಲ್ಲ? ಬೇರೇನೋ ಉದ್ದೇಶ ಇದ್ದಿರಬೇಕು.
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಅನುಮಾನ ಹೊಸದಲ್ಲ, ಇತಿಹಾಸಕಾರರೇ ಇದಕ್ಕಾಗಿ ದಶಕಗಳಿಂದ ಜಗಳವಾಡಿದ್ದಾರೆ. ಜೈಲು ಕಟ್ಟುವ ಕಾಯ್ದೆಯೇನೋ 1779ರಲ್ಲೇ ಆಗಿತ್ತು. ಜಾಗ ಯಾವುದು, ದುಡ್ಡು ಎಲ್ಲಿಂದ ಎಂಬ ತಕರಾರಿನಲ್ಲಿ ಕಟ್ಟಡ ಏಳಲೇ ಇಲ್ಲ. ಮೊದಲೆಲ್ಲ ಕೈದಿಗಳನ್ನು ಅಮೆರಿಕಕ್ಕೆ ಸಾಗಿಸಿ, ಅವರ ದುಡಿಮೆಯನ್ನು ಅಲ್ಲಿನ ಜಮೀನುದಾರರಿಗೆ ಮಾರುತ್ತಿದ್ದರು. 1775ರಲ್ಲಿ ಅಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. ಥೇಮ್ಸ್ ನದಿಯಲ್ಲಿ ನಿಲ್ಲಿಸಿದ ಹಳೇ ಹಡಗುಗಳನ್ನೇ ಜೈಲು ಮಾಡಿದರು. ಅವೂ ಕಿಕ್ಕಿರಿದು ಜ್ವರದ ಗೂಡಾದವು. ಆಫ್ರಿಕಾದ ನೈಋತ್ಯ ಕರಾವಳಿಗೂ ಹಡಗು ಕಳಿಸಿ, ಬರಡು ನೆಲವೆಂದು ಕೈಬಿಟ್ಟರು.

ಉಳಿದದ್ದು ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಬಾಟನಿ ಬೇ ಎಂಬ ಕೊಲ್ಲಿ. 1770ರಲ್ಲಿ ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ ಜೊತೆ ಅಲ್ಲಿಗೆ ಹೋಗಿದ್ದ ಸಸ್ಯತಜ್ಞ ಜೋಸೆಫ್ ಬ್ಯಾಂಕ್ಸ್, ಅಲ್ಲಿ ಜನ ಕಡಿಮೆ, ವಿರೋಧ ಬರಲಾರದು ಎಂದು ಸಂಸತ್ತಿನ ಸಮಿತಿಗೆ ಹೇಳಿದ್ದ. ಎರಡೂ ತಪ್ಪೆಂದು ಆಮೇಲೆ ಗೊತ್ತಾಯಿತು.

ಅಷ್ಟು ದೂರ ಎಂಬುದು ನಿಮಗೆ ದೋಷವಾಗಿ ಕಾಣುತ್ತದೆ, ಸರ್ಕಾರಕ್ಕೆ ಬೇಕಿದ್ದದ್ದೇ ಅದು. ಹೋದವರು ಅಪ್ಪಣೆಯಿಲ್ಲದೆ ಮರಳುವಂತಿಲ್ಲ! ಖರ್ಚು ತಗ್ಗಿಸಲೂ ಲೆಕ್ಕ ಹಾಕಿದ್ದರು: ಕೈದಿಗಳನ್ನು ಇಳಿಸಿದ ಮೂರು ಹಡಗುಗಳು ಚೀನಾಕ್ಕೆ ಹೋಗಿ ಈಸ್ಟ್ ಇಂಡಿಯಾ ಕಂಪನಿಗೆ ಚಹಾ ಹೇರಿಕೊಂಡು ಹಿಂದಿರುಗಿದವು.

ಕೈದಿಗಳ ಕಾಟವೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. 1868ರವರೆಗೆ ಸುಮಾರು 1,62,000 ಮಂದಿಯನ್ನು ಸಾಗಿಸಿದ್ದು ಸುಮ್ಮನೆ ಅಲ್ಲ. ಫ್ರೆಂಚರ ಭಯವೂ ಇತ್ತು. ಮೊದಲ ಕೈದಿಗಳನ್ನು ಕರೆತಂದ ನೌಕಾಧಿಕಾರಿ ಆರ್ಥರ್ ಫಿಲಿಪ್‌ನ 11 ಹಡಗುಗಳು 1788ರ ಜನವರಿಯಲ್ಲಿ ಮುಟ್ಟಿದ ಕೆಲವೇ ದಿನಗಳಲ್ಲಿ ಫ್ರೆಂಚ್ ನಾವಿಕ ಲಾ ಪೆರೂಸ್‌ನ ಹಡಗುಗಳೂ ಅಲ್ಲಿಗೆ ಬಂದವು.

ನೀವು ಊಹಿಸಿದ 'ಬೇರೆ ಉದ್ದೇಶ' ಆಸ್ಟ್ರೇಲಿಯಾದ ಪೂರ್ವಕ್ಕಿರುವ ನಾರ್ಫೋಕ್ ದ್ವೀಪದಲ್ಲಿದೆ. ನೌಕಾಪಡೆ ಹಾಯಿಬಟ್ಟೆಯ ನಾರಿಗೆ ರಷ್ಯಾವನ್ನು ನೆಚ್ಚಿಕೊಂಡಿತ್ತು. ಈ ದ್ವೀಪದಲ್ಲಿ ನಾರಿನ ಗಿಡವೂ ಹಾಯಿಕಂಬಕ್ಕೆ ಪೈನ್ ಮರವೂ ಇವೆಯೆಂದು ಕುಕ್ ಬರೆದಿದ್ದ. ಫಿಲಿಪ್ ಕೆಲವೇ ವಾರಗಳಲ್ಲಿ ಅಲ್ಲಿಗೊಂದು ತಂಡ ಕಳಿಸಿದ. ಮರ ಹಾಯಿಕಂಬಕ್ಕೆ ಒದಗಲಿಲ್ಲ. ನಾರು ತೆಗೆಯುವುದು ಯಾರಿಗೂ ಬರಲಿಲ್ಲ. ಕಲಿಸಲೆಂದು 1793ರಲ್ಲಿ ನ್ಯೂಜಿಲೆಂಡಿನಿಂದ ಅಲ್ಲಿನ ಮೂಲನಿವಾಸಿಗಳಾದ ಇಬ್ಬರು ಮಾವೊರಿ ಗಂಡಸರನ್ನು ಅಪಹರಿಸಿ ತಂದರು. ಅವರಿಗೂ ಅಷ್ಟಕ್ಕಷ್ಟೇ ಗೊತ್ತಿತ್ತು: ಮಾವೊರಿಗಳಲ್ಲಿ ಅದು ಹೆಂಗಸರ ಕೆಲಸ.