ಎಲ್ಲರಿಗೂ ಒಂದೇ ತೆರಿಗೆ ಅಂದರೆ ನ್ಯಾಯವೇ?

ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಬೆಂಗಳೂರಿನ ಓದುಗರೊಬ್ಬರ ಪತ್ರ:

“ವರ್ಷಕ್ಕೆ 30 ಲಕ್ಷ ಸಂಬಳ. ಅದರಲ್ಲಿ 30 ಪರ್ಸೆಂಟ್ ಸರ್ಕಾರಕ್ಕೆ ಹೋಗುತ್ತದೆ. ಉಳಿದಿದ್ದರಲ್ಲಿ ಏನು ಕೊಂಡರೂ ಮತ್ತೆ ಜಿಎಸ್‌ಟಿ. ಈ ದೇಶದಲ್ಲಿ ತೆರಿಗೆ ಕಟ್ಟುವವರು ಬೆರಳೆಣಿಕೆಯಷ್ಟು ಜನ. ನಾವು ಕಟ್ಟಿದ ದುಡ್ಡಲ್ಲಿ ಉಳಿದವರಿಗೆ ಬಿಟ್ಟಿ ಬಸ್ಸು, ಬಿಟ್ಟಿ ಅಕ್ಕಿ. ದುಬೈನಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲ. ಇಲ್ಲೂ ಆದಾಯ ತೆರಿಗೆ ತೆಗೆದು ಜಿಎಸ್‌ಟಿ ಒಂದನ್ನೇ ಇಟ್ಟುಕೊಂಡರೆ ಎಲ್ಲರೂ ಸಮನಾಗಿ ಕಟ್ಟಿದಂತೆ ಆಗುತ್ತದೆ. ಇದರಲ್ಲಿ ಏನು ತಪ್ಪು? ನಿಮ್ಮ ಕೈಲಿ ಅಧಿಕಾರ ಇದ್ದರೆ ನೀವೇನು ಮಾಡ್ತೀರಿ?”

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ಸಿಟ್ಟಿದೆ. ಆ ಸಿಟ್ಟಿಗೆ ಕಾರಣವೂ ಇದೆ. ಅದಕ್ಕೇ ಎರಡು ಸಾಲಲ್ಲಿ ಮುಗಿಸದೆ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. 30 ಲಕ್ಷಕ್ಕೆ 30 ಪರ್ಸೆಂಟ್ ಅಂದರೆ 9 ಲಕ್ಷ. ನೀವು ಕಟ್ಟುವುದು ಅಷ್ಟಲ್ಲ. ಆದಾಯ ತೆರಿಗೆಯ ಹೊಸ ಪದ್ಧತಿಯ 2025-26ರ ದರವನ್ನೇ ತೆಗೆದುಕೊಳ್ಳೋಣ. ಸಂಬಳದವರಿಗೆಲ್ಲ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ ಅನ್ನುವ ರಿಯಾಯಿತಿ 75,000 ಕಳೆದರೆ ಉಳಿಯುವುದು 29.25 ಲಕ್ಷ. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಅಲ್ಲಿಂದ ಪ್ರತಿ 4 ಲಕ್ಷಕ್ಕೆ 5, 10, 15, 20, 25 ಅಂತ ದರ ಏರುತ್ತಾ ಹೋಗುತ್ತದೆ. 30 ಪರ್ಸೆಂಟ್ ಬೀಳುವುದು 24 ಲಕ್ಷ ದಾಟಿದ ಮೇಲೆ ಬರುವ 5.25 ಲಕ್ಷಕ್ಕೆ ಮಾತ್ರ. 4 ಪರ್ಸೆಂಟ್ ಸೆಸ್ಸೂ ಸೇರಿ ಒಟ್ಟು 4,75,800 ರೂಪಾಯಿ. ಅಂದರೆ ಸಂಬಳದ ನೂರರಲ್ಲಿ 16ಕ್ಕೂ ಚೂರು ಕಡಿಮೆ. ತಿಂಗಳಿಗೆ ಹತ್ತಿರ ಹತ್ತಿರ 40,000. ಬೆಂಗಳೂರಲ್ಲಿ ಮನೆ ಸಾಲದ ಕಂತು, ಮಕ್ಕಳ ಸ್ಕೂಲ್ ಫೀಸು ಕಟ್ಟುವವರಿಗೆ ಅದು ಸಣ್ಣ ದುಡ್ಡೇನಲ್ಲ, ಒಪ್ಪುತ್ತೇನೆ. ಆದರೆ ಮೂರರಲ್ಲಿ ಒಂದು ಪಾಲು ಹೋಯಿತು ಅನ್ನುವ ಮಾತು ನಿಜವಲ್ಲ.

ಇನ್ನು ‘ತೆರಿಗೆ ಕಟ್ಟುವವರು ಬೆರಳೆಣಿಕೆ’ ಅಂದಿರಲ್ಲ, ಅದು. 2024ರ ಜುಲೈ 31ರ ಗಡುವಿನೊಳಗೆ ಸಲ್ಲಿಕೆಯಾದ ಐಟಿ ರಿಟರ್ನ್‌ಗಳು 7.28 ಕೋಟಿ. ಅವರಲ್ಲೂ ತುಂಬ ಜನ ಕಟ್ಟಬೇಕಾದ ತೆರಿಗೆ ಸೊನ್ನೆ. ಅಲ್ಲಿವರೆಗೆ ನಿಮ್ಮ ಮಾತು ಸರಿ. ಆದರೆ ರಿಟರ್ನ್ ಹಾಕದವರು ತೆರಿಗೆ ಕಟ್ಟುವುದಿಲ್ಲ ಅನ್ನುವುದು ಸರಿಯಲ್ಲ.

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಾಡುವ ಒಬ್ಬ ಹೆಣ್ಣುಮಗಳನ್ನು ಅಂದುಕೊಳ್ಳಿ. ಕೈಗೆ ಬರುವುದು ತಿಂಗಳಿಗೆ 14,000. ಮೊಬೈಲಿಗೆ 299 ರೂಪಾಯಿ ರೀಚಾರ್ಜ್ ಮಾಡಿಸುತ್ತಾಳೆ. ಅದರೊಳಗೆ 18 ಪರ್ಸೆಂಟ್ ಜಿಎಸ್‌ಟಿ ಇದೆ, ಅಂದರೆ 45 ರೂಪಾಯಿ ಚಿಲ್ಲರೆ. ನೀವೂ ಅದೇ ರೀಚಾರ್ಜ್ ಮಾಡಿಸಿದರೆ ನಿಮಗೂ ಅದೇ 45 ರೂಪಾಯಿ. ಈಗ ಅದನ್ನು ದುಡಿಮೆಯ ಪಕ್ಕ ಇಟ್ಟು ನೋಡಿ. ಅವಳಿಗೆ ಅದು ಸಾವಿರ ರೂಪಾಯಿಗೆ 3 ರೂಪಾಯಿ 25 ಪೈಸೆ. ತಿಂಗಳಿಗೆ ಎರಡೂವರೆ ಲಕ್ಷ ಎಣಿಸುವ ನಿಮಗೆ ಸಾವಿರಕ್ಕೆ 18 ಪೈಸೆ. ಗ್ಯಾಸ್ ಸಿಲಿಂಡರ್, ಅಡುಗೆ ಎಣ್ಣೆ, ಟೀ ಪುಡಿ, ಸಕ್ಕರೆ, ಚಪ್ಪಲಿ, ಸೋಪು, ಎಲ್ಲದರಲ್ಲೂ ಇದೇ ಕಥೆ. ಅವಳ ಬಳಿ ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ. ಬಂದಿದ್ದೆಲ್ಲ ಖರ್ಚು. ಹಾಗಾಗಿ ದುಡಿದ ಪೂರಾ ದುಡ್ಡು ಜಿಎಸ್‌ಟಿಯಂಥ ಖರ್ಚಿನ ತೆರಿಗೆಯ ಕಣ್ಣಿಗೆ ಬೀಳುತ್ತದೆ. ನಿಮ್ಮದರಲ್ಲಿ ಒಂದು ಭಾಗ ಮ್ಯೂಚುವಲ್ ಫಂಡಿಗೆ, ಒಂದು ಭಾಗ ಪಿಎಫ್‌ಗೆ ಹೋಗುತ್ತದೆ. ಜಿಎಸ್‌ಟಿ ಅದನ್ನು ಮುಟ್ಟುವುದೇ ಇಲ್ಲ.

ಅಂಗಡಿಯ ಬಿಲ್ಲಿಗೆ ಕೊಳ್ಳುವವರು ಯಾರು ಅಂತ ಗೊತ್ತಾಗುವುದಿಲ್ಲ. ಮನೆಯಲ್ಲಿ ಎಷ್ಟು ಜನ, ದುಡಿಯುವವರು ಎಷ್ಟು, ಯಾವುದೂ ಅದಕ್ಕೆ ಬೇಕಿಲ್ಲ. ಕೊಡುವ ಶಕ್ತಿ ನೋಡಿ ಕೇಳಬಲ್ಲದ್ದು ಆದಾಯ ತೆರಿಗೆಯೇ. ನಾನು ಅದರ ಪರ ಇರುವುದು ಇದೊಂದೇ ಕಾರಣಕ್ಕೆ, ಆದರೆ ಇದು ನನಗೆ ಬಹಳ ದೊಡ್ಡ ಕಾರಣ. 1930ರ ಮಾರ್ಚ್ 2ರಂದು ವೈಸ್‌ರಾಯ್ ಇರ್ವಿನ್‌ಗೆ ಬರೆದ ಪತ್ರದಲ್ಲಿ ಗಾಂಧೀಜಿ, ಬಡವರ ಕಡೆಯಿಂದ ನೋಡಿದರೆ ಉಪ್ಪಿನ ಮೇಲಿನ ತೆರಿಗೆಯಷ್ಟು ಅನ್ಯಾಯದ್ದು ಇನ್ನೊಂದಿಲ್ಲ ಎಂದಿದ್ದರು. ಅದೇ ವರ್ಷ ಅಂಕೋಲೆಯ ಕಡಲ ದಂಡೆಯಲ್ಲಿ ನಮ್ಮವರು ಉಪ್ಪು ಮಾಡಿ ಕಾನೂನು ಮುರಿದರು. ಜನ ಎದ್ದು ನಿಂತದ್ದು ಒಂದು ಖರ್ಚಿನ ತೆರಿಗೆಯ ವಿರುದ್ಧ.

ಬಿಟ್ಟಿ ಬಸ್ಸಿನ ಮಾತಿಗೆ ಬರುತ್ತೇನೆ. ಇದು ನನಗೆ ನಿಜವಾಗಿ ನೋವು ಕೊಡುವ ಮಾತು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಗೆ ದುಡ್ಡು ಕೊಡುವುದು ರಾಜ್ಯ ಸರ್ಕಾರ. ರಾಜ್ಯದ ಸ್ವಂತ ತೆರಿಗೆ ಎಲ್ಲಿಂದ ಬರುತ್ತದೆ? ಮುಖ್ಯವಾಗಿ ಜಿಎಸ್‌ಟಿಯಲ್ಲಿ ರಾಜ್ಯದ ಪಾಲು, ಪೆಟ್ರೋಲ್-ಡೀಸೆಲ್ ಮೇಲಿನ ಮಾರಾಟ ತೆರಿಗೆ, ಅಬಕಾರಿ, ಮುದ್ರಾಂಕ ಶುಲ್ಕ, ವಾಹನ ತೆರಿಗೆ. ನಿಮ್ಮ ಆದಾಯ ತೆರಿಗೆ ಹೋಗುವುದು ದಿಲ್ಲಿಗೆ. ಹಂಚುವ ಮೊತ್ತದಲ್ಲಿ ಎಲ್ಲ ರಾಜ್ಯಗಳಿಗೂ ಸೇರಿ 41 ಪರ್ಸೆಂಟ್. ಈ ಹಂಚಿಕೆಯನ್ನು ನಿರ್ಧರಿಸುವ 15ನೇ ಹಣಕಾಸು ಆಯೋಗ 2025-26ರವರೆಗೆ ಆ 41ರಲ್ಲಿ ಕರ್ನಾಟಕಕ್ಕೆ ಕೊಟ್ಟದ್ದು 3.647 ಪರ್ಸೆಂಟ್. ಆ ಲೆಕ್ಕದಲ್ಲಿ ನೀವು ನೂರು ರೂಪಾಯಿ ಕಟ್ಟಿದರೆ ಈ ದಾರಿಯಲ್ಲಿ ವಿಧಾನಸೌಧಕ್ಕೆ ಬರುವುದು ಸುಮಾರು ಒಂದೂವರೆ ರೂಪಾಯಿ. ಕೇಂದ್ರ ಕೊಡುವ 5 ಕೆಜಿ ಅಕ್ಕಿಯಲ್ಲಿ ನಿಮ್ಮ ಪಾಲು ಖಂಡಿತ ಇದೆ. ಆದರೆ ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಕೂತ ಆ ಹೆಣ್ಣುಮಗಳು, ತನ್ನ ಸೋಪಿನಲ್ಲಿ, ರೀಚಾರ್ಜ್‌ನಲ್ಲಿ, ತರಕಾರಿ ತರುವ ಟೆಂಪೋದ ಡೀಸೆಲ್‌ನಲ್ಲಿ ಆ ಬಸ್ಸಿಗೆ ದುಡ್ಡು ಕೊಟ್ಟೇ ಹತ್ತಿದ್ದಾಳೆ. ಡೀಸೆಲ್ ಮೇಲಿನ ರಾಜ್ಯದ ತೆರಿಗೆ 2025ರ ಏಪ್ರಿಲ್ 1ರಿಂದ 21.17 ಪರ್ಸೆಂಟ್ ಆಗಿದೆ. ಅದು ಬಡವರು, ಸಾಹುಕಾರರು ಅಂತ ನೋಡದೆ ಎಲ್ಲರ ಸೊಪ್ಪಿನ ಕಟ್ಟಿನೊಳಗೂ ಸೇರಿಕೊಳ್ಳುತ್ತದೆ.

ಆದಾಯ ತೆರಿಗೆ ತೆಗೆದು ಜಿಎಸ್‌ಟಿ ಒಂದನ್ನೇ ಇಟ್ಟರೆ ಏನಾಗುತ್ತದೆ? 2024-25ರಲ್ಲಿ ಜಿಎಸ್‌ಟಿಯ ಒಟ್ಟು ಸಂಗ್ರಹ 22.08 ಲಕ್ಷ ಕೋಟಿ. ಅದೇ ವರ್ಷ ಜನರ ಆದಾಯ ತೆರಿಗೆಯ ಪರಿಷ್ಕೃತ ಅಂದಾಜು 12.57 ಲಕ್ಷ ಕೋಟಿ. ಅಷ್ಟನ್ನೂ ಜಿಎಸ್‌ಟಿಯಿಂದಲೇ ತುಂಬಿಸಬೇಕು ಅಂದರೆ ಪ್ರತಿ ದರವೂ ಅರ್ಧಕ್ಕಿಂತ ಜಾಸ್ತಿ ಏರಬೇಕು. 5 ಇದ್ದದ್ದು 8ರ ಹತ್ತಿರ, 18 ಇದ್ದದ್ದು 28. 2025ರ ಸೆಪ್ಟೆಂಬರ್ 22ರಂದು ಬಹುಪಾಲು ಕೈಬಿಟ್ಟ ಆ 28ರ ಸ್ಲ್ಯಾಬು ಮತ್ತೆ ಬಂದು ಮೊಬೈಲ್ ರೀಚಾರ್ಜ್ ಮೇಲೆ ಕೂರುತ್ತದೆ. ಬೆಲೆ ಹೀಗೆ ಏರಿದರೆ ಜನ ಕೊಳ್ಳುವುದನ್ನೇ ಕಡಿಮೆ ಮಾಡುತ್ತಾರೆ. ಆಗ ಈ ಲೆಕ್ಕವೂ ಸಾಲುವುದಿಲ್ಲ. ನಿಮಗೆ ವರ್ಷಕ್ಕೆ 4.75 ಲಕ್ಷ ಉಳಿಯುತ್ತದೆ. ಅದರ ಹೊರೆ ಬೀಳುವುದು ಉಳಿಸಲು ಏನೂ ಇಲ್ಲದವರ ಮೇಲೆ.

ದುಬೈ ಬೇರೆ. ಯುಎಇಗೆ ತೈಲದ ಬಲ ಇದೆ. ಅಲ್ಲೂ 2018ರಿಂದ ನಮ್ಮ ಜಿಎಸ್‌ಟಿಯಂಥದ್ದೇ 5 ಪರ್ಸೆಂಟ್ ವ್ಯಾಟ್, 2023ರಿಂದ ಕಂಪನಿಗಳ ಲಾಭಕ್ಕೆ 9 ಪರ್ಸೆಂಟ್ ತೆರಿಗೆ ಬಂದಿದೆ. ಡೆನ್ಮಾರ್ಕ್ ನೋಡಿ, ಅಲ್ಲಿ ವ್ಯಾಟ್ 25 ಪರ್ಸೆಂಟ್, ಊಟದ ಸಾಮಾನಿಗೂ ಅಷ್ಟೇ. ಆದರೆ ಆದಾಯ ತೆರಿಗೆಯೂ ಭಾರೀ ಇದೆ, ಆಸ್ಪತ್ರೆಯಲ್ಲಿ ಬಿಲ್ ಕೇಳುವುದಿಲ್ಲ. ಒಂದನ್ನು ಹಾಕಿದ್ದಕ್ಕೆ ಇನ್ನೊಂದನ್ನು ಅವರು ಕೈಬಿಡಲಿಲ್ಲ.

ನಿಮ್ಮ ಪತ್ರದಲ್ಲಿ ನಾನು ಪೂರ್ತಿ ಒಪ್ಪುವ ಸಂಗತಿಯೊಂದಿದೆ. ಸಂಬಳದವರು ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಸಂಬಳ ಅಕೌಂಟಿಗೆ ಬರುವ ಮೊದಲೇ ಟಿಡಿಎಸ್ ಕಟ್ ಆಗಿರುತ್ತದೆ. ಅದೇ ಹೊತ್ತಲ್ಲಿ ವ್ಯಾಪಾರದ ದುಡ್ಡನ್ನು, ಆದಾಯ ತೆರಿಗೆ ಬೀಳದ ತೋಟದ ಆದಾಯ ಅಂತ ತೋರಿಸುವವರಿದ್ದಾರೆ. ಎರಡೆಕರೆ ರಾಗಿ ಬೆಳೆಯುವವರ ಬಗ್ಗೆ ನಾನು ಹೇಳುತ್ತಿಲ್ಲ. ಖರ್ಚಿನ ಮೇಲೆ ತೆರಿಗೆ ಹಾಕಿದರೆ ಇಂಥವರೂ ಕಾರು, ಚಿನ್ನ ಕೊಳ್ಳುವಾಗ ಸಿಕ್ಕಿಬೀಳುತ್ತಾರೆ ಅನ್ನುವ ವಾದದಲ್ಲಿ ಹುರುಳಿದೆ. ತೆರಿಗೆ ಅತಿಯಾದರೆ ಕಳ್ಳದಾರಿ ಹೆಚ್ಚುತ್ತದೆ ಅನ್ನುವುದೂ ನಿಜ. 1973-74ರಲ್ಲಿ ಇಲ್ಲಿ ಆದಾಯ ತೆರಿಗೆಯ ಅತಿ ಹೆಚ್ಚಿನ ದರ, ಸರ್ಚಾರ್ಜ್ ಅನ್ನುವ ಹೆಚ್ಚುವರಿ ತೆರಿಗೆಯೂ ಸೇರಿ, 97.75 ಪರ್ಸೆಂಟ್ ಇತ್ತು. ಆ ದರ ಬೀಳುವ ಆದಾಯದಲ್ಲಿ ನೂರು ದುಡಿದರೆ ಎರಡೂಕಾಲು ರೂಪಾಯಿ ಕೈಗೆ. ಅದನ್ನು ಯಾರೂ ನ್ಯಾಯ ಅನ್ನಲಾರರು.

ನಿಮಗೆ ಇಷ್ಟವಾಗಬಹುದಾದ ಇನ್ನೊಂದು ಸಂಗತಿ ಇದೆ. ಖರ್ಚಿಗೆ ತೆರಿಗೆ ಹಾಕಬೇಕು, ಆದರೆ ಜಾಸ್ತಿ ಖರ್ಚು ಮಾಡುವವರಿಗೆ ಜಾಸ್ತಿ ಹಾಕಬೇಕು ಅನ್ನುವ ದಾರಿಯನ್ನು ನಮ್ಮ ದೇಶ ಒಮ್ಮೆ ಮಾಡಿ ನೋಡಿತ್ತು. 1956ರಲ್ಲಿ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡೋರ್ ಭಾರತದ ತೆರಿಗೆ ಸುಧಾರಣೆ ಬಗ್ಗೆ ವರದಿ ಕೊಟ್ಟರು. ಮರುವರ್ಷ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ಸಂಪತ್ತಿನ ತೆರಿಗೆ ಮತ್ತು ವೆಚ್ಚ ತೆರಿಗೆ ಎರಡನ್ನೂ ತಂದರು. ಈ ವೆಚ್ಚ ತೆರಿಗೆ ಅಂಗಡಿಯಲ್ಲಿ ಕಟ್ಟುವಂಥದ್ದಲ್ಲ. ವರ್ಷಕ್ಕೆ ಒಬ್ಬ ಶ್ರೀಮಂತ ಒಟ್ಟು ಎಷ್ಟು ಖರ್ಚು ಮಾಡಿದ ಅಂತ ಲೆಕ್ಕ ಹಾಕಿ, ಅದು ಏರಿದಂತೆ ದರವನ್ನೂ ಏರಿಸುವಂಥದ್ದು. ಉಳಿತಾಯ ಮಾಡಿದವರಿಗೆ ನೋವಿಲ್ಲ, ದುಂದು ಮಾಡಿದವರಿಗೆ ಬಿಸಿ. ಆದರೆ ಖರ್ಚಿನ ಲೆಕ್ಕ ಹಿಡಿಯುವುದು ಆಗಿನ ಕಾಲಕ್ಕೆ ಕೈಲಾಗದ ಕೆಲಸವಾಯಿತು, ಬಂದ ದುಡ್ಡೂ ಅಲ್ಪ. 1962ರಲ್ಲಿ ತೆಗೆದರು, 1964ರಲ್ಲಿ ಮತ್ತೆ ತಂದರು, 1966ರಲ್ಲಿ ಪೂರ್ತಿ ಬಿಟ್ಟರು. ಪ್ಯಾನ್, ಬ್ಯಾಂಕು, ಯುಪಿಐ ಇರುವ ಈ ಕಾಲದಲ್ಲಿ ಅದು ಆಗಲಾರದು ಅಂತ ನನಗೆ ಅನಿಸುವುದಿಲ್ಲ. ಜಿಎಸ್‌ಟಿ ಒಂದೇ ಸಾಕು ಅನ್ನುವುದಕ್ಕಿಂತ ಇದರ ಬಗ್ಗೆ ಚರ್ಚೆ ಮಾಡುವುದು ಎಷ್ಟೋ ಮೇಲು.

ಕಾಲ್ಡೋರ್ ಕಾಲದ ಉಳಿದ ತೆರಿಗೆಗಳೂ ಈಗಿಲ್ಲ. ಪಿತ್ರಾರ್ಜಿತ ಆಸ್ತಿಯ ಮೇಲಿನ ಎಸ್ಟೇಟ್ ಡ್ಯೂಟಿ 1985ರಲ್ಲಿ ಹೋಯಿತು. ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್‌ನಲ್ಲಿ ತೆಗೆದರು. 2019ರಲ್ಲಿ, ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳ ತೆರಿಗೆ 30ರಿಂದ 22ಕ್ಕೆ ಇಳಿಯಿತು. ಷೇರಿನಲ್ಲಿ ಬಂದ ದೀರ್ಘಾವಧಿ ಲಾಭಕ್ಕೆ ಈಗ 12.5 ಪರ್ಸೆಂಟ್ ಅಷ್ಟೇ. ನೀವು ರಾತ್ರಿ ಪಾಳಿ ಮಾಡಿ ದುಡಿದ ಕೊನೆಯ 5 ಲಕ್ಷಕ್ಕೆ 30, ಕೂತಲ್ಲೇ ಬೆಳೆದ ಕೋಟಿಗೆ 12.5. ನಿಮ್ಮ ಸಿಟ್ಟು ಬಸ್ಸಿನಲ್ಲಿ ಕೂತವಳ ಕಡೆ ತಿರುಗಿದ್ದು ನನಗೆ ಬೇಸರ. ಅದು ಮೇಲಕ್ಕೆ ತಿರುಗಬೇಕಿತ್ತು, ಅಲ್ವಾ?

ಅಧಿಕಾರ ಇದ್ದರೆ ಏನು ಮಾಡ್ತೀರಿ ಅಂದಿರಿ. ಷೇರಿನ ದೊಡ್ಡ ಲಾಭಕ್ಕೂ ಸಂಬಳಕ್ಕೂ ಒಂದೇ ದರ ಮಾಡುತ್ತೇನೆ. ಬೆಲೆ ಏರಿಕೆಗೆ ತಕ್ಕಂತೆ ಸಂಬಳದವರ ಸ್ಲ್ಯಾಬನ್ನು ಪ್ರತಿ ವರ್ಷ ತಾನಾಗಿಯೇ ಮೇಲೆ ಸರಿಸುತ್ತೇನೆ, ಬಜೆಟ್ ದಿನ ಮಂತ್ರಿಗಳ ಬಾಯಿ ನೋಡುವ ಕಷ್ಟ ನಿಮಗೆ ಬೇಡ. ಕೋಟ್ಯಂತರ ರೂಪಾಯಿಯ ಆಸ್ತಿ ಮಕ್ಕಳ ಹೆಸರಿಗೆ ಹೋಗುವಾಗ ಅದರಲ್ಲಿ ಒಂದು ಪಾಲು ಕೇಳುತ್ತೇನೆ. 2025ರ ಸೆಪ್ಟೆಂಬರ್‌ನಲ್ಲಿ ಸೋಪು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆಗೆ 18 ಇದ್ದದ್ದನ್ನು 5 ಮಾಡಿದ್ದು ಒಳ್ಳೆ ಕೆಲಸ. ಸಣ್ಣ ಮೊತ್ತದ ಮೊಬೈಲ್ ರೀಚಾರ್ಜ್‌ಗೂ ಅದೇ 5 ಮಾಡುತ್ತೇನೆ. ರೇಷನ್ನು, ಬ್ಯಾಂಕು, ಕೆಲಸ ಹುಡುಕುವುದು, ಮಕ್ಕಳ ಪಾಠ ಎಲ್ಲದಕ್ಕೂ ಈಗ ಮೊಬೈಲ್ ಬೇಕೇ ಬೇಕು.